ಇನ್ನೂ ಹುಟ್ಟದವರ ಪಾಲು: ಖಲೀಫ ಉಮರರ ಆಡಳಿತವನ್ನು ಕುರಿತು



ಇಸ್ಲಾಮಿನ ದ್ವಿತೀಯ ಖಲೀಫರಾದ ಉಮರ್ ಇಬ್ನುಲ್ ಖತ್ತಾಬರ ಜೀವಿತವನ್ನೂ ನಾಯಕತ್ವವನ್ನೂ ವಿಷಯವಾಗಿರಿಸಿಕೊಂಡು ನಡೆಯತಕ್ಕ ಈ ವಿಚಾರಸಂಕಿರಣದ ಆಶಯವನ್ನು ನಿವೇದಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಅವರ ಹೆಸರನ್ನೆತ್ತಿದೊಡನೆ ಯರ್ಮೂಕ್, ಕಾದಿಸಿಯ್ಯ, ನಿಹಾವಂದಗಳ ರಣರಂಗಗಳೂ, 634ರಿಂದ 644ರವರೆಗಿನ ಹತ್ತೇ ವರ್ಷಗಳಲ್ಲಿ ಪಾರಸಿಕರ ಸಾಸಾನಿ ಪ್ರಭುತ್ವವು ಕುಸಿದು, ಬೈಜಾಂಟಿಯಮ್ಮಿನ ಕೈಯಿಂದ ಸಿರಿಯವೂ ಈಜಿಪ್ಟೂ ಜಾರಿಹೋದ ವೃತ್ತಾಂತವೂ ನೆನಪಿಗೆ ಬರುವುದು ಸಹಜ. ಜಯಶಾಲಿಗಳು ಚರಿತ್ರೆಯಲ್ಲಿ ಅನೇಕರಿದ್ದಾರೆ. ಗೆದ್ದ ಸೈನ್ಯವು ತನ್ನ ಪಾಲನ್ನು ಕೇಳುತ್ತ ಎದುರಿಗೆ ನಿಂತಿರುವಾಗ, ಅಲ್ಲಿ ಬಂದು ನಿಲ್ಲಲಾರದವರ ಹಕ್ಕನ್ನು ನೆನೆದು 'ಇಲ್ಲ' ಎನ್ನಬಲ್ಲ ಪ್ರಭುಗಳು ಬಹು ವಿರಳ. ಉಮರರ ಹಿರಿಮೆಯ ಮರ್ಮವನ್ನು ಅಲ್ಲಿಯೇ ಅರಸಬೇಕೆಂಬುದು ನನ್ನ ಬಿನ್ನಹ.

ಮಕ್ಕೆಯ ಕುರೈಷ್ ಕುಲದೊಳಗೆ ಬನೂ ಅದೀ ಎಂಬ, ಪ್ರಬಲವೆನಿಸದ ಶಾಖೆಯಲ್ಲಿ ಜನಿಸಿ, ಬಾಲ್ಯದಲ್ಲಿ ತಂದೆಯ ಒಂಟೆಗಳನ್ನು ಮೇಯಿಸಿ, ಓದುಬರಹ ಬಲ್ಲವರು ವಿರಳವಾಗಿದ್ದ ಆ ನಗರದಲ್ಲಿ ಅಕ್ಷರವಿದ್ಯೆಯನ್ನು ಸಂಪಾದಿಸಿದ ಉಮರರು, ಪ್ರವಾದಿ ಮುಹಮ್ಮದರ ಬೋಧನೆಗೆ ಮೊದಲು ಕಡುವೈರಿಯಾಗಿದ್ದು, ಸೋದರಿ ಫಾತಿಮಾರ ಮನೆಯಲ್ಲಿ ಕುರ್‌ಆನಿನ ಪಠನವನ್ನು ಕೇಳಿ ಮನಸ್ಸು ಕರಗಿ ಇಸ್ಲಾಮನ್ನು ಅಂಗೀಕರಿಸಿದರೆಂಬ ಕಥೆ ತಮಗೆಲ್ಲ ಪರಿಚಿತವೇ. 634ರಲ್ಲಿ ಪ್ರಥಮ ಖಲೀಫರಾದ ಅಬೂಬಕರರು ಮರಣಶಯ್ಯೆಯಲ್ಲಿ ಅವರನ್ನು ಉತ್ತರಾಧಿಕಾರಿಯಾಗಿ ಸೂಚಿಸಿದಾಗ, ಉಮರರ ಕಾಠಿಣ್ಯಕ್ಕೆ ಅಂಜಿದವರಿದ್ದರು. ನನ್ನ ಮೃದುತ್ವವನ್ನು ಕಂಡು ಆತ ಕಠಿಣನಾಗಿದ್ದಾನೆ, ಭಾರ ತನ್ನ ಹೆಗಲಿಗೇರಿದರೆ ಆ ಕಾಠಿಣ್ಯದ ಬಹುಭಾಗವನ್ನು ತಾನೇ ಬಿಡುವನು ಎಂಬರ್ಥದ ಸಮಾಧಾನವನ್ನು ಅಬೂಬಕರರು ಹೇಳಿದರಂತೆ.

ಇನ್ನು ಸವಾದಿನ ವಿಷಯ. ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಟೈಗ್ರಿಸ್ ಮತ್ತು ಯುಫ್ರೆಟಿಸ್ ನದಿಗಳ ಕಾಲುವೆಗಳಿಂದ ತಣಿದ ಇರಾಕಿನ ಆ ಫಲವತ್ತಾದ ಬಯಲು ಅರಬರ ವಶವಾದಾಗ, ಯುದ್ಧದಲ್ಲಿ ದೊರೆತ ಸೊತ್ತಿನ ಐದನೆಯ ಒಂದು ಭಾಗವು ಬೊಕ್ಕಸಕ್ಕೂ ಉಳಿದ ನಾಲ್ಕು ಭಾಗಗಳು ಯೋಧರಿಗೂ ಸಲ್ಲತಕ್ಕುದೆಂಬ ವಿಧಿಯಂತೆ, ಆ ನೆಲವನ್ನೂ ತಮ್ಮೊಳಗೆ ಹಂಚಬೇಕೆಂದು ಸೈನಿಕರು ಕೇಳಿದರು. ಆ ಬೇಡಿಕೆ ನಿರಾಧಾರವಾದುದಾಗಿರಲಿಲ್ಲ. ಹಿಂದೆ ಗೆದ್ದ ಖೈಬರಿನ ಭೂಮಿಯನ್ನು ಸ್ವಯಂ ಪ್ರವಾದಿಗಳೇ ಹಂಚಿದ್ದರು. ಅಬ್ದುರ್ರಹ್ಮಾನ್ ಇಬ್ನ್ ಔಫ್, ಝುಬೈರ್, ಬಿಲಾಲರಂತಹ ಹಿರಿಯರೇ ಹಂಚಿಕೆಯ ಪರವಾಗಿ ಪಟ್ಟುಹಿಡಿದರು. ಅಲಿ, ಉಸ್ಮಾನ್, ತಲ್ಹಾ ಅವರು ಉಮರರ ಮತಕ್ಕೆ ಒಡಂಬಟ್ಟರು. ಆಗ ಉಮರರು ಪ್ರವಾದಿಗಳಿಗೆ ನೆರವಾದ ಮದೀನೆಯ ಅನ್ಸಾರರಲ್ಲಿ ಔಸ್ ಬಣದಿಂದ ಐವರನ್ನೂ ಖಝ್ರಜ್ ಬಣದಿಂದ ಐವರನ್ನೂ ಕರೆಯಿಸಿ, ತಾನೂ ಅವರಂತೆಯೇ ಒಬ್ಬನೆಂದೂ, ತನ್ನ ಇಚ್ಛೆಯನ್ನು ಅವರು ಅನುಸರಿಸಬೇಕಾಗಿಲ್ಲವೆಂದೂ ಮುನ್ನುಡಿದು, ತಮ್ಮ ವಾದವನ್ನು ಮುಂದಿಟ್ಟರು: ನೆಲವನ್ನೂ ಅದನ್ನು ಉಳುವವರನ್ನೂ ಈಗಲೇ ಹಂಚಿಬಿಟ್ಟರೆ, ಅದು ತಂದೆಯಿಂದ ಮಕ್ಕಳಿಗೆ ಇಳಿದು ಕೆಲವರ ಸ್ವತ್ತಾಗಿ ನಿಂತರೆ, ಮುಂದೆ ಹುಟ್ಟಿಬರುವವರಿಗೆ ಏನುಳಿಯುವುದು, ಗಡಿಗಳನ್ನು ಕಾಯುವ ಪಡೆಗಳಿಗೆ ಅನ್ನವೆಲ್ಲಿಂದ, ಈ ನಾಡಿನ ಮತ್ತು ಆ ನಾಡಿನ ವಿಧವೆಯರಿಗೂ ಅನಾಥರಿಗೂ ಗತಿಯೇನು? ಕುರ್‌ಆನಿನ ಹಷ್ರ್ ಅಧ್ಯಾಯದಲ್ಲಿ ಅನಂತರ ಬರುವವರ ಪ್ರಸ್ತಾಪವಿರುವುದನ್ನು ಅವರು ಪ್ರಮಾಣವಾಗಿ ತೋರಿದರು. ದಿನಗಟ್ಟಲೆ ಚರ್ಚೆ ನಡೆದು, ಸಭೆ ಒಪ್ಪಿತು. ನೆಲವು ರೈತರ ಕೈಯಲ್ಲಿಯೇ ಉಳಿಯಿತು. ಉಸ್ಮಾನ್ ಇಬ್ನ್ ಹುನೈಫರು ಅದನ್ನು ಅಳೆದು ಬೆಳೆಗೆ ತಕ್ಕ ಕಂದಾಯವನ್ನು ಗೊತ್ತುಪಡಿಸಿದರು. ಯೋಧರು ಜಮೀನ್ದಾರರಾಗದೆ ಕೂಫಾ, ಬಸ್ರಾದಂತಹ ಹೊಸ ದಂಡುನಗರಗಳಲ್ಲಿ ನೆಲಸಿದರು. ಸುಮಾರು ಒಂದೂವರೆ ಶತಮಾನದ ತರುವಾಯ ಹಾರೂನ್ ಅಲ್ ರಷೀದರಿಗಾಗಿ ಭೂಕಂದಾಯದ ಗ್ರಂಥವನ್ನು ರಚಿಸಿದ ನ್ಯಾಯಶಾಸ್ತ್ರಜ್ಞ ಅಬೂ ಯೂಸುಫರು ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಇದನ್ನು ಕೇವಲ ಕರುಣೆಯೆನ್ನಲಾಗದು. ಉಳುವವನು ತೆರಿಗೆಯ ಹೊರೆಯನ್ನು ಹೊತ್ತೇ ಉಳಿದನು. ಆದರೂ, ಮತದಾನವಾಗಲಿ ದೂರಾಗಲಿ ಸಾಧ್ಯವಿಲ್ಲದ, ಇನ್ನೂ ಹುಟ್ಟಿಯೇ ಇರದ ಜನರನ್ನು ಒಂದು ರಾಜ್ಯದ ಭಾಗಸ್ಥರೆಂದು ಎಣಿಸಿ ಗೆದ್ದ ಸೈನ್ಯವನ್ನು ಎದುರುಹಾಕಿಕೊಂಡ ಆ ಧೈರ್ಯಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಆ ಕಂದಾಯವನ್ನು ವಿನಿಯೋಗಿಸಲೆಂದು ಹುಟ್ಟಿದುದೇ ದಿವಾನ್ ಎಂಬ ವೇತನದ ಹೆಸರುಪಟ್ಟಿ. ಅಬೂಬಕರರು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ಉಮರರಾದರೋ, ಇಸ್ಲಾಮನ್ನು ಮೊದಲು ಸ್ವೀಕರಿಸಿದವರಿಗೂ ಪ್ರವಾದಿಗಳ ಸಮೀಪವರ್ತಿಗಳಿಗೂ ಹೆಚ್ಚು, ತಡವಾಗಿ ಬಂದವರಿಗೆ ಕಡಮೆ ಎಂಬ ತಾರತಮ್ಯವನ್ನು ಏರ್ಪಡಿಸಿದರು. ಅವರ ಎಲ್ಲ ನಿರ್ಣಯಗಳಲ್ಲಿ ನನಗೆ ಅತ್ಯಂತ ಸಂಶಯಾಸ್ಪದವಾಗಿ ತೋರುವುದು ಇದೊಂದೇ. ಸಂಪತ್ತಿನ ಅಸಮತೆಗೆ ಧರ್ಮಶ್ರದ್ಧೆಯ ಮುದ್ರೆಯೊತ್ತಿದಂತಾಯಿತು. ಕಡೆಗಾಲದಲ್ಲಿ ಸಮಾನತೆಗೆ ಮರಳುವ ಇಂಗಿತವನ್ನು ಅವರೇ ವ್ಯಕ್ತಪಡಿಸಿದರೆಂದು ವರದಿಗಳಿವೆ. ಅದೇ ಪಟ್ಟಿಯಲ್ಲಿ, ಹಾಲು ಬಿಡಿಸಿದ ಮೇಲೆ ಮಾತ್ರ ಮಕ್ಕಳಿಗೆ ಸಲ್ಲುತ್ತಿದ್ದ ವೇತನವು, ಅದರಾಸೆಗೆ ತಾಯಂದಿರು ಬೇಗನೆ ಮೊಲೆ ಬಿಡಿಸುತ್ತಿದ್ದಾರೆಂಬುದು ತಿಳಿದ ಕೂಡಲೇ, ಹುಟ್ಟಿದ ದಿನದಿಂದ ಸಲ್ಲತೊಡಗಿತು.

639ರ ಸುಮಾರಿಗೆ ಅರೇಬಿಯವನ್ನು ಭೀಕರ ಕ್ಷಾಮ ಕವಿಯಿತು. ಸಿರಿಯದಿಂದ ಧಾನ್ಯವನ್ನು ತರಿಸಿ, ಮದೀನೆಗೆ ಹರಿದುಬಂದ ಅಲೆಮಾರಿ ಜನರನ್ನು ಸಲಹಿ, ಪ್ರಜೆಗಳಿಗೆ ತುಪ್ಪಮಾಂಸಗಳು ದೊರೆಯುವವರೆಗೆ ತಾನೂ ಅವನ್ನು ಮುಟ್ಟೆನೆಂದು ವ್ರತತೊಟ್ಟು, ಬರಿಯ ಎಣ್ಣೆಯನ್ನುಂಡ ಉಮರರ ಮೈಬಣ್ಣವೇ ಕಂದಿತೆನ್ನುತ್ತಾರೆ. ಹಸಿದು ಕದ್ದವನಿಗೆ ಕೈ ಕಡಿಯುವ ದಂಡನೆಯನ್ನು ಆ ವರ್ಷ ತಡೆಹಿಡಿದರು. ಅದೇ ಕಾಲದಲ್ಲಿ ಸಿರಿಯದಲ್ಲಿ ಅಮ್ವಾಸಿನ ಪ್ಲೇಗು ಹಬ್ಬಿರಲು, ಅಲ್ಲಿಗೆ ಹೊರಟಿದ್ದ ಖಲೀಫರು ಹಿರಿಯರೊಡನೆ ಆಲೋಚಿಸಿ ಸರ್ಗ್ ಎಂಬಲ್ಲಿಂದ ಹಿಂದಿರುಗಿದರು. ದೈವಸಂಕಲ್ಪದಿಂದ ಓಡುತ್ತಿರುವಿರೇ ಎಂದು ಸೇನಾಪತಿ ಅಬೂ ಉಬೈದರು ಆಕ್ಷೇಪಿಸಲು, ದೇವರ ಒಂದು ಸಂಕಲ್ಪದಿಂದ ಆತನದೇ ಇನ್ನೊಂದು ಸಂಕಲ್ಪದ ಕಡೆಗೆ ಹೋಗುತ್ತಿದ್ದೇವೆಂದರು. ಭಕ್ತಿಯೂ ವಿವೇಕವೂ ಒಂದಾದ ಇಂತಹ ಉತ್ತರ ನನಗೆ ಬೇರೆಲ್ಲಿಯೂ ದೊರೆತಿಲ್ಲ. ಅಬೂ ಉಬೈದರು ತಮ್ಮ ಸೈನಿಕರೊಡನೆ ಅಲ್ಲಿಯೇ ಉಳಿದು ಆ ವ್ಯಾಧಿಗೆ ಬಲಿಯಾದರು.

ಪ್ರಾಂತಾಧಿಪರು ಅಧಿಕಾರಕ್ಕೆ ಬರುವಾಗ ಉಮರರು ಅವರ ಆಸ್ತಿಯನ್ನು ಬರೆಯಿಸಿಟ್ಟು, ಅದು ಅಕಾರಣವಾಗಿ ಬೆಳೆದಿರುವುದು ಕಂಡರೆ ಅರ್ಧವನ್ನು ಬೊಕ್ಕಸಕ್ಕೆ ಸೇರಿಸುತ್ತಿದ್ದ ಪದ್ಧತಿಯನ್ನೂ, ಹಜ್ ಯಾತ್ರೆಯ ಕಾಲದಲ್ಲಿ ಅವರ ಮೇಲಿನ ದೂರುಗಳನ್ನು ಕೇಳುತ್ತಿದ್ದುದನ್ನೂ ಇಂದಿನ ಗೋಷ್ಠಿಗಳು ವಿವರವಾಗಿ ಪರಿಶೀಲಿಸಲಿವೆ.

ಆಕರಗಳ ವಿಷಯದಲ್ಲಿ ಒಂದು ಮಾತು. ಬಲಾದುರಿ, ಇಬ್ನ್ ಸಅದ್, ತಬರಿ ಮುಂತಾದ ಚರಿತ್ರಕಾರರು ಬರೆದುದು ಉಮರರ ಕಾಲಕ್ಕೆ ಶತಮಾನಗಳ ಅನಂತರ. ಉಮರರು ಪ್ರಾಂತಾಧಿಪ ಅಬೂ ಮೂಸಾ ಅಲ್ ಅಷ್‌ಅರಿಯವರಿಗೆ ಬರೆದರೆನ್ನಲಾದ ನ್ಯಾಯವಿಧಾನದ ಪತ್ರವನ್ನಾಗಲಿ, ಅನ್ಯಮತೀಯರ ಮೇಲೆ ನಿರ್ಬಂಧಗಳನ್ನು ಹೇರುವ, ಉಮರರ ಹೆಸರಿನಲ್ಲಿ ಪ್ರಚಲಿತವಾದ ಒಪ್ಪಂದವನ್ನಾಗಲಿ ಕಣ್ಣುಮುಚ್ಚಿ ಅವರದೆನ್ನಲು ಅನೇಕ ವಿದ್ವಾಂಸರು ಒಪ್ಪರು. ನಜ್ರಾನಿನ ಕ್ರೈಸ್ತರನ್ನೂ ಖೈಬರಿನ ಯಹೂದಿಗಳನ್ನೂ ಹೊರಗೆ ಕಳುಹಿಸಿದ ಸಂಗತಿಯನ್ನು ಮಾತ್ರ ಯಾರೂ ಮರೆಮಾಚಲಾಗದು. ಖಿಲಾಫತ್ತಿನ ಹಕ್ಕು ಅಲಿಯವರಿಗೆ ಮೊದಲೇ ಸಲ್ಲಬೇಕಾಗಿತ್ತೆಂಬ ಷಿಯಾ ಪಂಥದವರ ನಂಬಿಕೆಯನ್ನು ಗೌರವದಿಂದ ಕೇಳದ ಚರ್ಚೆ ಅಪೂರ್ಣವಾಗುವುದು. ನಮ್ಮ ದೇಶದ ಶಿಬ್ಲಿ ನೋಮಾನಿಯವರು ತುರ್ಕಿ, ಸಿರಿಯ, ಈಜಿಪ್ಟುಗಳನ್ನು ಸುತ್ತಿ ಅಲ್ಲಿನ ಗ್ರಂಥಭಂಡಾರಗಳನ್ನು ನೋಡಿಬಂದು, 1899ರಲ್ಲಿ 'ಅಲ್ ಫಾರೂಕ್' ಎಂಬ ಉಮರರ ಚರಿತ್ರೆಯನ್ನು ಉರ್ದುವಿನಲ್ಲಿ ಪ್ರಕಟಿಸಿದರು. ಅಂತಹ ಶ್ರಮದ ಅಧ್ಯಯನ ಕನ್ನಡದಲ್ಲಿಯೂ ಮೈದಾಳಬೇಕೆಂಬುದು ಈ ಸಂಕಿರಣದ ಒಂದು ಆಸೆ.

644ರಲ್ಲಿ ಪ್ರಾತಃಕಾಲದ ಪ್ರಾರ್ಥನೆಯ ಸಮಯದಲ್ಲಿ ಅಬೂ ಲುಲು ಎಂಬ ಪಾರಸಿಕ ದಾಸನ ಕಠಾರಿಗೆ ಗುರಿಯಾಗಿ ಮಲಗಿದ ಉಮರರು, ತಮ್ಮ ಸಾಲವನ್ನು ತೀರಿಸುವ ಏರ್ಪಾಡನ್ನು ಮಾಡಿ, ಉತ್ತರಾಧಿಕಾರಿಯನ್ನು ಆರಿಸಲು ಅಲಿ, ಉಸ್ಮಾನ್, ತಲ್ಹಾ, ಝುಬೈರ್, ಸಅದ್, ಅಬ್ದುರ್ರಹ್ಮಾನ್ ಈ ಆರು ಮಂದಿಯ ಸಮಿತಿಯನ್ನು ನೇಮಿಸಿದರು. ಮಗ ಅಬ್ದುಲ್ಲಾರು ಸಲಹೆಗಷ್ಟೇ. ಪದವಿಗೆ ಅವರ ಹೆಸರು ಎತ್ತಕೂಡದೆಂದರು. ಸಮಿತಿಯು ಉಸ್ಮಾನರನ್ನು ಆರಿಸಿತು; ಹನ್ನೆರಡು ವರ್ಷಗಳೊಳಗೆ, 656ರಲ್ಲಿ, ಅವರ ಕೊಲೆಯಾಗಿ ಅಂತಃಕಲಹ ಹೊತ್ತಿತು; ಅದರ ಕೊನೆಗೆ ವಂಶಪರಂಪರೆಯ ಆಳ್ವಿಕೆಯೇ ನೆಲೆಯೂರಿತು. ವ್ಯಕ್ತಿಯ ಸಂಯಮವು ಕಟ್ಟಿದ ಏರ್ಪಾಡು ಆ ವ್ಯಕ್ತಿಯಿಲ್ಲದಾಗ ಎಷ್ಟು ದೂರ ನಿಲ್ಲಬಲ್ಲುದು, ಆರು ಜನರ ಆ ಸಮಿತಿಯಲ್ಲಿ ಇದ್ದ ಕೊರತೆ ಯಾವುದು, ಕೂಫಾ ಬಸ್ರಾಗಳ ದಂಡುನಗರಗಳೂ ದಿವಾನಿನ ತಾರತಮ್ಯವೂ ಆ ಕಲಹಕ್ಕೆ ಎಷ್ಟರ ಮಟ್ಟಿಗೆ ಕಾರಣವಾದುವು? ಮೊದಲನೆಯ ಗೋಷ್ಠಿಯ ವಿದ್ವಾಂಸರು ಈ ಪ್ರಶ್ನೆಗಳನ್ನೇ ಮೊದಲು ಕೈಗೆತ್ತಿಕೊಳ್ಳಬೇಕೆಂದು ವಿನಯದಿಂದ ಕೋರುತ್ತೇನೆ.