ಜಂಟಿ ಒಡೆತನದ ಮನೆ: ಪಾಲಾಗುವುದು ಯಾವುದು, ಪಾಲಾಗದ್ದು ಯಾವುದು

(ನೆರಿಯದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನೆ ಕೊಳ್ಳುವಾಗ ಇಬ್ಬರು ಮೂವರು ಸೇರಿ ಕೊಳ್ಳುವುದು ಲೇಸೇ ಎಂಬ ಪ್ರಶ್ನೆ ಈಗ ನಮ್ಮ ಘಟ್ಟದ ತಪ್ಪಲಿನ ಊರುಗಳಲ್ಲೂ ಕೇಳಿಬರುತ್ತಿದೆ. ದಂಪತಿಗಳು, ಒಡಹುಟ್ಟಿದವರು, ಗೆಳೆಯರು ಹಣ ಕೂಡಿಸುತ್ತಾರೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಬಳಿಕ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿದೆ. ನಗರದ ನಾಲ್ಕು ಮಂದಿ ಕೂಡಿ ತೋಟಸಹಿತ ಮನೆಯೊಂದನ್ನು ಕೊಳ್ಳುವುದೂ ಸಾಧ್ಯವಾಗಿದೆ. ಹಣ ಸಾಲದವರಿಗೆ ಇದೊಂದು ಆಸರೆ ಎಂಬುದು ನಿಜ. ಆದರೆ ಬೆಲೆಯನ್ನು ಹಂಚಿಕೊಳ್ಳುವಷ್ಟು ಸುಲಭವಾಗಿ ಗುಡ್ಡದ ಮನೆಯನ್ನು ಹಂಚಿಕೊಳ್ಳಲು ಬಾರದು.

ಜಂಟಿ ಒಡೆತನ ಈ ನಾಡಿಗೆ ಹೊಸತಲ್ಲ. ತುಳುನಾಡಿನ ಬಂಟರು, ಬಿಲ್ಲವರು, ಜೈನರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಂತೆ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಕುಟುಂಬಕ್ಕೆ ಸೇರಿ ಇರುತ್ತಿತ್ತು. ಯಜಮಾನ ಅಥವಾ ಯಜಮಾನ್ತಿ ಅದನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರೂ ಒಪ್ಪಿದರಷ್ಟೇ ಪಾಲು; ಒಬ್ಬರೇ ಕೇಳಿದರೆ ಪಾಲಿಲ್ಲ ಎಂಬುದು ಅಂದಿನ ನಿಯಮವಾಗಿತ್ತು. ನಾವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1949ರ ಅಳಿಯಸಂತಾನ ಕಾಯಿದೆಯು ಒಂದೊಂದು ಕವರಿಗೂ ಪಾಲು ಕೇಳುವ ಹಕ್ಕನ್ನಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆ ಪದ್ಧತಿಯ ಬುಡವನ್ನೇ ಸಡಿಲಿಸಿತು. ಗದ್ದೆ ಪಾಲಾಯಿತು, ತೋಟ ಪಾಲಾಯಿತು. ಆದರೂ ದೈವದ ಚಾವಡಿಯುಳ್ಳ ತರವಾಡು ಮನೆಯನ್ನು ಹಲವು ಕುಟುಂಬಗಳು ಇಂದಿಗೂ ಒಡೆಯದೆ ಉಳಿಸಿಕೊಂಡಿವೆ. ಕೂಡಿ ಬಾಳಲು ನೋಡಿಕೊಳ್ಳುವವರೊಬ್ಬರು ಬೇಕು. ಹೊರನಡೆಯುವವರಿಗೆ ಬಾಗಿಲೂ ಬೇಕು. ಹಳೆಯ ವ್ಯವಸ್ಥೆಯಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ಇಂದು ಗೆಳೆಯರು ಸೇರಿ ಕೊಳ್ಳುವ ಮನೆಗಳಲ್ಲಿ ಅನೇಕ ವೇಳೆ ಎರಡೂ ಇರುವುದಿಲ್ಲ.

ಇಂದಿನ ಕಾನೂನು ಏನನ್ನುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 45ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಕೊಟ್ಟ ಹಣಕ್ಕೆ ತಕ್ಕಂತೆ ಪಾಲು. ಯಾರು ಎಷ್ಟು ಕೊಟ್ಟರೆಂಬುದಕ್ಕೆ ಪುರಾವೆ ಇಲ್ಲವಾದರೆ ಸಮಪಾಲು ಎಂದೇ ಭಾವಿಸಲಾಗುತ್ತದೆ. ಚಿನ್ನ ಮಾರಿ ಅರ್ಧಕ್ಕಿಂತ ಹೆಚ್ಚು ಹಣ ಕೊಟ್ಟ ಅಕ್ಕನಿಗೂ, ಅಲ್ಪ ಹಣ ಹಾಕಿದ ತಮ್ಮನಿಗೂ ಕಾಗದವಿಲ್ಲದಿದ್ದರೆ ಒಂದೇ ಅಳತೆ. ಆದುದರಿಂದ ಕ್ರಯಪತ್ರದಲ್ಲಿಯೇ ಪಾಲಿನ ಪ್ರಮಾಣವನ್ನು ಬರೆಯಿಸಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಬೇಕು.

ಜೊತೆಯವರು ತೀರಿಕೊಂಡರೆ ಮನೆಯೆಲ್ಲ ತಾನಾಗಿ ಉಳಿದವರದಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಸಾಮಾನ್ಯವಾಗಿ ತೀರಿಕೊಂಡವರ ಪಾಲು ಅವರ ವಾರಸುದಾರರಿಗೆ ಸಲ್ಲುತ್ತದೆ. ಹಿಂದೂ ಗಂಡಸೊಬ್ಬ ಉಯಿಲು ಬರೆಯದೆ ಸತ್ತರೆ ಹೆಂಡತಿ ಮಕ್ಕಳ ಜೊತೆಗೆ ಅವನ ತಾಯಿಯೂ ಸಮಾನ ವಾರಸುದಾರಳು. ಇಬ್ಬರ ಮನೆ ಒಂದೇ ದಿನದಲ್ಲಿ ಆರು ಮಂದಿಯ ಮನೆಯಾಗಬಹುದು.

ಒಬ್ಬರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಿದರೆ? ಅವಿಭಕ್ತ ಕುಟುಂಬದ ವಾಸದ ಮನೆಯಾದರೆ, ಕೊಂಡ ಹೊರಗಿನವರು ಒಳಗೆ ಬಂದು ಜೊತೆಯಲ್ಲಿ ವಾಸಿಸುವ ಹಕ್ಕನ್ನು 44ನೇ ಕಲಮು ಕೊಡುವುದಿಲ್ಲ. ಅವರು ಪಾಲಿಗಾಗಿ ದಾವೆ ಹೂಡಿದರೆ, 1893ರ ವಿಭಜನಾ ಕಾಯಿದೆಯಂತೆ ಕುಟುಂಬದವರು ಆ ಪಾಲನ್ನು ನ್ಯಾಯಾಲಯ ಗೊತ್ತುಪಡಿಸಿದ ಬೆಲೆಗೆ ಕೊಳ್ಳಬಹುದು. ಗೆಳೆಯರು ಸೇರಿ ಕೊಂಡ ಮನೆಗೆ ಈ ಬೇಲಿ ಇಲ್ಲ. ಸಾಲದ ಮಾತೂ ಹೀಗೆಯೇ: ಜಂಟಿಯಾಗಿ ಸಹಿ ಹಾಕಿದ ಸಾಲವನ್ನು ಬ್ಯಾಂಕು ಯಾರೊಬ್ಬರಿಂದಲಾದರೂ ಪೂರ್ತಿಯಾಗಿ ವಸೂಲು ಮಾಡಬಹುದು. ಪಾಲು ಅರ್ಧವಾದರೂ ಹೊಣೆ ಇಡಿಯದು.

ಇಷ್ಟು ಎಲ್ಲ ಊರಿಗೂ ಸಲ್ಲುವ ಮಾತು. ಇನ್ನು ನನ್ನ ಕ್ಷೇತ್ರವಾದ ಮಣ್ಣು ನೀರಿನ ಮಾತಿಗೆ ಬರುತ್ತೇನೆ. ಪಟ್ಟಣದ ವಸತಿ ಸಮುಚ್ಚಯದಲ್ಲಿ ಮನೆಯೆಂದರೆ ಗೋಡೆಯೊಳಗಿನ ಅಳತೆ. ನೆರಿಯದಂತಹ ಊರಿನಲ್ಲಿ ಮನೆಯೆಂದರೆ ಮೇಲಿನ ಗುಡ್ಡ, ಹಿಂದಿನ ಬರೆ, ನೀರಿನ ಒರತೆ, ತೋಟದ ಕಣಿ, ರಸ್ತೆಗೆ ಸೇರುವ ದಾರಿ ಇವೆಲ್ಲವೂ ಹೌದು. ಒಂದು ಎಕರೆ ಅಡಿಕೆ ತೋಟದಲ್ಲಿ 2.7 ಮೀಟರ್ ಅಂತರದಂತೆ ಸುಮಾರು 550 ಮರಗಳಿರುತ್ತವೆ. ಮರಗಳನ್ನು ಎಣಿಸಿ ಮೂರು ಪಾಲು ಮಾಡುವುದು ಸುಲಭ. ಆದರೆ ಮಳೆನೀರನ್ನು ಬಸಿದು ಒಯ್ಯುವ ಕಣಿ ಮೂರೂ ಪಾಲುಗಳನ್ನು ಹಾಯ್ದು ಇಳಿಯುತ್ತದೆ. ಕೆಳಗಿನವರು ಕಣಿ ಮುಚ್ಚಿದರೆ ಮೇಲಿನವರ ತೋಟದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮೇಲಿನವರು ಅಂಗಳ ಹಿಗ್ಗಿಸಲು ಬರೆ ಕಡಿದರೆ ಕೆಳಗಿನವರ ಹಂಚಿನ ಮೇಲೆ ಮಣ್ಣು ಬೀಳುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಬೆಳ್ತಂಗಡಿ ತಾಲೂಕಿನ ಹೊಳೆಗಳು ಉಕ್ಕಿದಾಗ ಯಾವ ಗಡಿಕಲ್ಲೂ ನೀರನ್ನು ತಡೆಯಲಿಲ್ಲ.

ಕುಮ್ಕಿಯನ್ನೂ ಇಲ್ಲಿ ನೆನೆಯಬೇಕು. ಅದು ಸರಕಾರಿ ಭೂಮಿ. ಸೊಪ್ಪು, ದರಗು, ಮೇವಿಗಾಗಿ ಮೂಲ ವರ್ಗದ ಜಮೀನಿಗೆ ದೊರೆತ ಸವಲತ್ತೇ ಹೊರತು ಒಡೆತನವಲ್ಲ. ಮಾರುವವರು ಕೈಚಾಚಿ ತೋರಿಸುವ ಹಸುರೆಲ್ಲ ಕ್ರಯಕ್ಕೆ ಬಂದಿತೆಂದು ಎಣಿಸಿ ಯಾರೂ ಬೆಲೆ ಕಟ್ಟಬಾರದು.

ಪಾಲಾಗದ್ದನ್ನು ಕೂಡಿ ನೋಡಿಕೊಳ್ಳುವ ಮಾದರಿ ನಮ್ಮಲ್ಲಿಯೇ ಇದೆ. ಮಳೆಗಾಲ ಕಳೆದು ಹೊಳೆಯ ಹರಿವು ತಗ್ಗಿದ ಮೇಲೆ ಕೃಷಿಕರು ಸೇರಿ ಹಾಕುವ ‘ಕಟ್ಟ’ವನ್ನು ನೋಡಿರಿ. ಹೊಳೆ ಯಾರ ಹೆಸರಿನಲ್ಲೂ ಇಲ್ಲ. ಆದರೆ ಆಳಿನ ಲೆಕ್ಕ, ಖರ್ಚಿನ ಲೆಕ್ಕ, ನೀರಿನ ಸರದಿ ಎಲ್ಲರಿಗೂ ತಿಳಿದಿರುತ್ತದೆ. ಕಟ್ಟ ಉಳಿಯುವುದು ಪ್ರೀತಿಯಿಂದ ಮಾತ್ರವಲ್ಲ, ಲೆಕ್ಕದಿಂದಲೂ ಹೌದು.

ಆದುದರಿಂದ ಸೇರಿ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಐದು ಸಂಗತಿಗಳನ್ನು ಬರೆದಿಡಬೇಕೆಂದು ನನ್ನ ಸಲಹೆ. ಮೊದಲನೆಯದು, ಯಾರ ಪಾಲು ಎಷ್ಟು. ಎರಡನೆಯದು, ನೀರು, ಕಣಿ, ದಾರಿ ಮತ್ತು ಬರೆ ಎಂದೆಂದಿಗೂ ಪಾಲಾಗಕೂಡದು, ಎಲ್ಲರ ಒಪ್ಪಿಗೆಯಿಲ್ಲದೆ ಕಡಿಯಕೂಡದು ಎಂಬ ಷರತ್ತು. ಮೂರನೆಯದು, ಮನೆಯಲ್ಲಿ ವಾಸಿಸಿ ದುಡಿಯುವವರ ಶ್ರಮಕ್ಕೆ, ದುರಸ್ತಿಯ ಖರ್ಚಿಗೆ ಲೆಕ್ಕ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಪಾಲುದಾರರು ಮಾಡು ಸೋರುವುದನ್ನು ಕಾಣುವುದಿಲ್ಲ. ನಾಲ್ಕನೆಯದು, ಹೊರನಡೆಯುವವರು ತಮ್ಮ ಪಾಲನ್ನು ಮೊದಲು ಉಳಿದವರಿಗೆ ನೀಡಬೇಕು, ಬೆಲೆ ಕಟ್ಟುವವರು ಯಾರು, ಹಣ ಎಷ್ಟು ತಿಂಗಳೊಳಗೆ ಎಂಬುದು. ಐದನೆಯದು, ಪ್ರತಿಯೊಬ್ಬರ ಉಯಿಲು. ಕರಾರನ್ನು ವಕೀಲರಿಂದ ಬರೆಯಿಸಿ ನೋಂದಾಯಿಸಿರಿ. ಪಹಣಿಯಲ್ಲಿಯೂ ಪಂಚಾಯಿತಿಯ 9/11 ದಾಖಲೆಯಲ್ಲಿಯೂ ಎಲ್ಲರ ಹೆಸರು ಬಂದಿದೆಯೇ ಎಂದು ನೋಡಿರಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಇಲ್ಲದೆ ಮುಂದುವರಿಯಬೇಡಿರಿ.

ಈ ಐದು ಮಾತುಗಳನ್ನು ಆಡಲು ಸಂಕೋಚವೆನಿಸುವವರೊಡನೆ ಸೇರಿ ಮನೆ ಕೊಳ್ಳದಿರುವುದೇ ಒಳಿತು. ಚಿಕ್ಕದಾದರೂ ಸ್ವಂತದ್ದು ಸಾಕು. ಆಡಿ ಬರೆದು ಒಪ್ಪಿದವರಿಗೆ ಜಂಟಿ ಒಡೆತನ ಹಣದ ಅನುಕೂಲವಷ್ಟೇ ಅಲ್ಲ, ಗುಡ್ಡಕ್ಕೂ ಕ್ಷೇಮ. ತುಂಡಾಗದ ತೋಟಕ್ಕೆ ಒಂದೇ ಕಣಿ, ಒಂದೇ ದಾರಿ ಸಾಕು. ಪ್ರತಿ ಪಾಲಿಗೂ ಹೊಸ ರಸ್ತೆ, ಹೊಸ ಕೊಳವೆಬಾವಿ ಬೇಕಾಗುವುದಿಲ್ಲ. ಇಲ್ಲಿರುವ ವಿದ್ಯಾರ್ಥಿಗಳು ಇಂದು ಮನೆಗೆ ಹೋಗಿ ತಮ್ಮ ಜಾಗದ ಪಹಣಿಯನ್ನು ಹಿರಿಯರಿಂದ ಕೇಳಿ ಓದಲಿ. ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದನ್ನು ತಿಳಿಯಲಿ. ಮಾತುಕತೆ ಅಲ್ಲಿಂದಲೇ ಆರಂಭವಾಗಬೇಕು.