ಪಿಸಿಓಡಿ: ಅಂಡಾಶಯದಾಚೆಗೆ ನೋಡಲು ಹಿಡಿದ ಕಾಲ



1721ರಲ್ಲಿ ಇಟಲಿಯ ವೈದ್ಯ ಆಂಟೋನಿಯೋ ವಲ್ಲಿಸ್ನೇರಿ ಒಬ್ಬ ರೈತ ಹೆಣ್ಣುಮಗಳ ವಿಷಯ ಬರೆದಿಟ್ಟ. ಎಳೆಯ ಪ್ರಾಯ, ಮದುವೆಯಾಗಿದೆ, ಮೈ ತುಸು ದಪ್ಪ, ಮಕ್ಕಳಿಲ್ಲ. ಅವಳ ಅಂಡಾಶಯಗಳು ಬೆಳ್ಳಗೆ ಹೊಳೆಯುತ್ತ, ಪಾರಿವಾಳದ ಮೊಟ್ಟೆಯಷ್ಟು ದಪ್ಪಗಿದ್ದವು. ಇಂದು ನಾವು ಪಿಸಿಓಡಿ, ಪಿಸಿಓಎಸ್ ಎನ್ನುವ ತೊಂದರೆಯ ಹಳೆಯ ದಾಖಲೆಗಳಲ್ಲಿ ಇದೂ ಒಂದು.

1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಹೆಂಗಸರ ಬಗ್ಗೆ ಬರೆದರು. ಅಂಡಾಶಯದ ಒಂದು ಭಾಗ ಕತ್ತರಿಸಿ ತೆಗೆದ ಮೇಲೆ ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಬಸುರಾದರು. ಅಲ್ಲಿಂದ ಮುಂದೆ ಬಹುಕಾಲ ಎಲ್ಲರ ಗಮನವೂ ಅಂಡಾಶಯದ ಮೇಲೆ, ಮಗುವಿನ ಮೇಲೆ. ಹೆಂಗಸಿನ ಉಳಿದ ದೇಹದ ಬಗ್ಗೆ ಕೇಳುವವರು ಕಡಿಮೆ.

ಸುಳಿವು ಮಾತ್ರ ಮೊದಲೇ ಸಿಕ್ಕಿತ್ತು. 1921ರಲ್ಲೇ ಫ್ರಾನ್ಸಿನ ಆಶಾರ್ ಮತ್ತು ತಿಯೆರ್, ಗಡ್ಡ ಬಂದ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಕಾಣುವುದನ್ನು ಬರೆದಿದ್ದರು. ಪಿಸಿಓಎಸ್ ಇರುವವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆಂದು ಸಂಶೋಧಕರು ತೋರಿಸಿದ್ದು 1980ರಲ್ಲಿ. ಮೈ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದರೆ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಏರಿಸುತ್ತದೆ. ಮೊಡವೆ, ಗಲ್ಲದ ಮೇಲೆ ಕೂದಲು, ಮುಟ್ಟಿನ ಏರುಪೇರು ಶುರುವಾಗುತ್ತವೆ. ಸ್ಕ್ಯಾನಿನಲ್ಲಿ ಕಾಣುವ ‘ನೀರುಗುಳ್ಳೆ’ಗಳು ಗಡ್ಡೆಗಳಲ್ಲ, ಅರ್ಧದಲ್ಲೇ ಬೆಳವಣಿಗೆ ನಿಂತ, ಅಂಡಾಣುವಿರುವ ಪುಟ್ಟ ಚೀಲಗಳು.

ಕೆಲವು ಹುಡುಗಿಯರ ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಗೆ ದಪ್ಪಗಾಗುತ್ತದೆ. ಕೊಳೆಯೆಂದು ಕಡಲೆಹಿಟ್ಟು ಹಚ್ಚಿ ಉಜ್ಜುವ ತಾಯಂದಿರಿದ್ದಾರೆ. ದಯವಿಟ್ಟು ಉಜ್ಜಬೇಡಿ. ಅದು ಹೆಚ್ಚಾಗಿ ಇನ್ಸುಲಿನ್ ಏರಿರುವುದರ ಗುರುತು.

2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಗೊತ್ತುಮಾಡಿದರು: ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನಲ್ಲಿ ಕಾಣುವ ಆ ನೀರುಗುಳ್ಳೆಗಳು. ಬೇರೆ ಕಾಯಿಲೆಗಳಿಲ್ಲವೆಂದು ಖಚಿತವಾದ ಮೇಲೆ, ಮೂರರಲ್ಲಿ ಎರಡಿದ್ದರೆ ಪಿಸಿಓಎಸ್. ತೆಳ್ಳಗಿರುವವರಿಗೂ ಇದು ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನ ಪ್ರಕಾರ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 8ರಿಂದ 13 ಮಂದಿಗೆ ಈ ತೊಂದರೆಯಿದೆ, ಬಹುಪಾಲು ಜನರಿಗೆ ಅದು ಗೊತ್ತೇ ಇಲ್ಲ. ‘ಮದುವೆಯಾದರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳುತ್ತದೆ. ಸರಿಹೋಗುವುದಿಲ್ಲ. ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ ಕಾಡಬಹುದು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗಿ ಕ್ಯಾನ್ಸರಿನ ಅಪಾಯ ಏರುತ್ತದೆ. ಹಾಗಾಗಿ ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರ ಬಳಿ ಹೋಗಿ. ಸ್ಕ್ಯಾನಿನ ಜೊತೆಗೆ ಸಕ್ಕರೆ, ಬಿಪಿ, ಕೊಬ್ಬಿನಂಶದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಮದುವೆ, ಮಗುವಿನ ಯೋಚನೆ ಇಲ್ಲದವರೂ ಮಾಡಿಸಿ.