ಪುಸ್ತಕ ಮುಚ್ಚುವ ದಿನ, ಸಹಿ ಹಾಕುವ ದಿನ

ಬ್ರಿಟನ್ನಿನ ನಮ್ಮ ಕನ್ನಡ ಕೂಟಗಳಲ್ಲಿ ಕಲ್ಲೆಸೆದರೆ ಸಾಫ್ಟ್‌ವೇರ್‌ನವರ ಮೇಲೆಯೇ ಬೀಳುತ್ತದೆ. ಅಂಥ ಸಭೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಮಾತನಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಕರೆದಿದ್ದೀರಿ. ನಿಮ್ಮ ಧೈರ್ಯ ದೊಡ್ಡದು.

ನಾನು ಈ ವಿಷಯಕ್ಕೆ ಬಂದದ್ದೇ ಒಂದು ಎಡವಟ್ಟಿನಿಂದ. ಕೆಲವು ವರ್ಷಗಳ ಹಿಂದಿನ ಮಾತು, ಜನವರಿಯ ಕೊನೆಯ ಶನಿವಾರ. ಇಲ್ಲಿ ತೆರಿಗೆ ರಿಟರ್ನ್ ಸಲ್ಲಿಸಲು ಜನವರಿ 31 ಕೊನೆಯ ದಿನ, ತಪ್ಪಿದರೆ 100 ಪೌಂಡ್ ದಂಡ ಎಂದು ನಿಮಗೆ ಗೊತ್ತೇ ಇದೆ. ನಮ್ಮ ಆಫೀಸಿನ ಫೈಲ್‌ಗಳೆಲ್ಲ ಒಂದು ಲಿನಕ್ಸ್ ಸರ್ವರಿನಲ್ಲಿದ್ದವು. ಹೊಸ ಆವೃತ್ತಿ ಬಂದಿದೆ ಎಂದು ಅದು ತೋರಿಸಿತು, ನಾನು ಹಿಂದೆಮುಂದೆ ನೋಡದೆ ಒತ್ತಿಬಿಟ್ಟೆ. ಸೋಮವಾರ ಬೆಳಿಗ್ಗೆ ಯಾರಿಗೂ ಒಂದು ಫೈಲೂ ತೆರೆಯಲಿಲ್ಲ. ಸರಿಪಡಿಸಲು ಎರಡು ದಿನ ಹಿಡಿಯಿತು. ಅಂಗಡಿ ನಡೆಸುವ ನಮ್ಮ ಕಡೆಯ ಹಿರಿಯರೊಬ್ಬರ ರಿಟರ್ನ್ ತಡವಾಯಿತು. ದಂಡ ನಾನೇ ಕಟ್ಟಿದೆ. ಅವರು ಬೈಯಲಿಲ್ಲ. "ಲೆಕ್ಕದವರೇ ಗಡುವು ತಪ್ಪಿಸಿದರೆ ಹೇಗಪ್ಪಾ?" ಎಂದಷ್ಟೇ ಕೇಳಿದರು. ತಪ್ಪು ಸಾಫ್ಟ್‌ವೇರಿನದಲ್ಲ, ನನ್ನದು.

ಆಮೇಲೆಯೇ ನಾನು ಡೆಬಿಯನ್‌ನವರ ಕಥೆ ಓದಲು ಕುಳಿತದ್ದು. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ, ಸ್ವಯಂಸೇವಕರು ನಡೆಸುವ ಯೋಜನೆ ಅದು. ಅವರ ಹಳೆಯ ಪಟ್ಟು ಒಂದೇ: ಸಿದ್ಧವಾದಾಗ ಬಿಡುಗಡೆ, ದಿನಾಂಕ ಕೇಳಬೇಡಿ. ಕೇಳಲು ಚೆನ್ನಾಗಿದೆ. ಆದರೆ 2002ರ ಜುಲೈನಲ್ಲಿ ಬಂದ ವುಡಿ ಆವೃತ್ತಿಯ ನಂತರ ಸಾರ್ಜ್ ಬಂದದ್ದು 2005ರ ಜೂನ್‌ನಲ್ಲಿ. ಸುಮಾರು ಮೂರು ವರ್ಷ! ಅಷ್ಟರಲ್ಲಿ ಅಂಗಡಿಗೆ ಬರುವ ಯಂತ್ರಗಳೇ ಬದಲಾಗಿದ್ದವು. 2004ರ ಅಕ್ಟೋಬರ್‌ನಲ್ಲಿ ಉಬುಂಟು ಬಂತು. ಡೆಬಿಯನ್‌ನ ಸಾಮಗ್ರಿಯನ್ನೇ ತೆಗೆದುಕೊಂಡು, ಆರು ತಿಂಗಳಿಗೊಮ್ಮೆ ಕೊಡುತ್ತೇವೆ ಎಂದಿತು. ಅದೇ ಉಬುಂಟು ಕೂಡ 2006ರ ಏಪ್ರಿಲ್ ಆವೃತ್ತಿಯನ್ನು, ಇನ್ನಷ್ಟು ಹದ ಮಾಡಬೇಕೆಂದು, ಜೂನ್‌ಗೆ ದೂಡಿತು.

ಈ ಜಗಳ ನನ್ನ ಕಚೇರಿಯಲ್ಲಿ ಪ್ರತಿ ವರ್ಷ ಇದ್ದದ್ದೇ. ಶುಕ್ರವಾರದೊಳಗೆ ಬ್ಯಾಂಕಿಗೆ ಬ್ಯಾಲೆನ್ಸ್ ಶೀಟ್ ಬೇಕು ಎಂದು ಗ್ರಾಹಕರ ಫೋನ್. ಇತ್ತ ಲೆಕ್ಕ ತಾಳೆಯಾಗಿಲ್ಲ. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಸಹಿ ಹಾಕಿಬಿಡುವ ಆಸೆ ಯಾರಿಗೆ ಬರುವುದಿಲ್ಲ?

ಡೆಬಿಯನ್ ಕಂಡುಕೊಂಡ ದಾರಿ ನನಗೆ ಪರಿಚಿತ ಎನಿಸಿತು. 2009ರಲ್ಲಿ ಅವರು ತೀರ್ಮಾನಿಸಿದ್ದು ಬಿಡುಗಡೆಯ ದಿನಾಂಕವನ್ನಲ್ಲ, ಫ್ರೀಜ್ ದಿನಾಂಕವನ್ನು. ಅಂದರೆ ಹೊಸತನ್ನು ಒಳಗೆ ಬಿಡುವ ಬಾಗಿಲು ಮುಚ್ಚುವ ದಿನವನ್ನು. ನಮ್ಮಲ್ಲೂ ಹಾಗೆಯೇ ಅಲ್ಲವೇ? ಮಾರ್ಚ್ 31ಕ್ಕೆ ಪುಸ್ತಕ ಮುಚ್ಚುತ್ತದೆ, ಅದರಲ್ಲಿ ಚೌಕಾಸಿಯಿಲ್ಲ. ಸಹಿ ಬೀಳುವುದು ಪರಿಶೀಲನೆ ಮುಗಿದ ಮೇಲೆ. ಬಾಗಿಲು ತೆರೆದೇ ಇಟ್ಟು ತಪಾಸಣೆ ಮಾಡಿದರೆ ಅದು ಎಂದಿಗೂ ಮುಗಿಯದು. ಇತ್ತೀಚಿನ ಟ್ರಿಕ್ಸಿ ಆವೃತ್ತಿಗೆ 2025ರ ಮಾರ್ಚ್ 15ರಿಂದ ಬಾಗಿಲು ಹಂತಹಂತವಾಗಿ ಮುಚ್ಚಿತು, ಬಿಡುಗಡೆ ಆಗಸ್ಟ್ 9ಕ್ಕೆ. ಗಂಭೀರ ದೋಷ ಉಳಿಸಿಕೊಂಡ ಪ್ಯಾಕೇಜ್, ತೀರಾ ಅನಿವಾರ್ಯವಲ್ಲದಿದ್ದರೆ, ಪಟ್ಟಿಯಿಂದ ಹೊರಗೆ. ಅದಕ್ಕಾಗಿ ಉಳಿದವು ಕಾಯುವುದಿಲ್ಲ. ಇದೂ ಮೊದಲ ಸಲವೇ ನೆಟ್ಟಗಾಗಲಿಲ್ಲ ಎನ್ನಿ; 2009ರ ಡಿಸೆಂಬರ್ ಎಂದು ಹೇಳಿದ್ದ ಮೊದಲ ಫ್ರೀಜ್ 2010ರ ಆಗಸ್ಟ್‌ಗೆ ಜಾರಿತು. ಆದರೂ 2011ರಿಂದ ಈಚೆಗೆ ಸುಮಾರು ಎರಡು ವರ್ಷಕ್ಕೊಂದು ಆವೃತ್ತಿ ಬರುತ್ತಲೇ ಇದೆ.

ಹಾಗಾದರೆ ಹಳೆಯ, ಗಟ್ಟಿ ಆವೃತ್ತಿಯಲ್ಲೇ ಇದ್ದುಬಿಡೋಣ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. 2024ರ ಮಾರ್ಚ್ 29ರಂದು ಎಕ್ಸ್‌ಜೆಡ್ ಎಂಬ ಸಣ್ಣ ಸಾಧನದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದ ಸುದ್ದಿ ಹೊರಬಿತ್ತು. ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಬಳಸುವವರಿಗೆ ಏನೂ ಆಗಲಿಲ್ಲ, ಅವರಲ್ಲಿದ್ದದ್ದು ಹಳೆಯದು. ಆದರೆ ಕಳ್ಳನನ್ನು ಹಿಡಿದವರು ಯಾರು? ಡೆಬಿಯನ್‌ನ ಅನ್‌ಸ್ಟೇಬಲ್ ಆವೃತ್ತಿ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಕೆದಕುತ್ತಾ ಹೋದವರು. ಎಲ್ಲರೂ ಸ್ಟೇಬಲ್‌ನಲ್ಲೇ ಕುಳಿತಿದ್ದರೆ ಆ ಕಳ್ಳಬಾಗಿಲು ಸದ್ದಿಲ್ಲದೆ ಮುಂದಿನ ಸ್ಟೇಬಲ್‌ಗೆ ಸೇರಿಬಿಡುತ್ತಿತ್ತು. ನಮ್ಮ ನೆಮ್ಮದಿಗೆ ಬೇರೆ ಯಾರೋ ಬೆಲೆ ತೆರುತ್ತಿದ್ದಾರೆ ಎಂದು ಅವತ್ತು ನನಗೆ ಅರ್ಥವಾಯಿತು.

ಈಗ ನಮ್ಮ ಆಫೀಸಿನ ಸರ್ವರ್‌ಗೆ ಡಿಸೆಂಬರ್ 1ರಿಂದ ಜನವರಿ 31ರವರೆಗೆ ಭದ್ರತಾ ತಿದ್ದುಪಡಿ ಬಿಟ್ಟು ಬೇರೇನೂ ಇಲ್ಲ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಟೆಸ್ಟಿಂಗ್ ಆವೃತ್ತಿ ಓಡಿಸುತ್ತೇನೆ. ಕಳೆದ ವರ್ಷ ಅದರಲ್ಲಿ ಕನ್ನಡ ಪತ್ರವೊಂದನ್ನು ಮುದ್ರಿಸಿದಾಗ ಒತ್ತಕ್ಷರಗಳು ದಿಕ್ಕಾಪಾಲಾದವು. ನನ್ನ ಜೀವನದ ಮೊದಲ ಬಗ್ ರಿಪೋರ್ಟ್ ಬರೆದೆ. ಬರೆಯಲು ಒಂದು ಭಾನುವಾರವಿಡೀ ಹೋಯಿತು. ಮಾದರಿ ಪುಟ ಕಳಿಸಿ ಎಂದು ಉತ್ತರ ಬಂದಿದೆ. ಇಲ್ಲಿ ಯಾರಿಗಾದರೂ ಫಾಂಟುಗಳ ವಿಷಯ ಗೊತ್ತಿದ್ದರೆ ಊಟದ ಹೊತ್ತಿಗೆ ಸಿಗಿ, ಲ್ಯಾಪ್‌ಟಾಪ್ ತಂದಿದ್ದೇನೆ.